ಇನ್ನೂ ಬಂದಿಲ್ಲ

ಜೂನ್ 18

ಅಕ್ಕ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ನೇರವಾಗಿ ವಿಷಯಕ್ಕೆ ಬರುತ್ತೇನೆ. ಚಿಕ್ಕಂದಿನಲ್ಲಿ ಅಮ್ಮ ಮಾಡಿದ್ದ ಕಾನೂನು ನಿನಗೆ ನೆನಪಿರಬೇಕು. ಬಸ್ ನಿಲ್ದಾಣದಲ್ಲಿ ದಿನವಿಡೀ ಮೈಕಿನ ಮುಂದೆ ಕೂತು, ಯಾವ ಬಸ್ಸು ಬಂತು ಯಾವುದು ಹೊರಟಿತು ಎಂದು ಕೂಗಿ ಕೂಗಿ ಮನೆಗೆ ಬಂದವಳಿಗೆ ನಮ್ಮ ಕಿತ್ತಾಟ ಕೇಳುವ ತ್ರಾಣ ಇರುತ್ತಿರಲಿಲ್ಲ. "ಜಗಳ ಆಡೋದಿದ್ರೆ ಬರೆದು ಆಡಿ, ನನ್ನ ಕಿವಿಗೆ ಬೀಳಬಾರದು" ಅನ್ನುತ್ತಿದ್ದಳು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಬೆನ್ನು ತಿರುಗಿಸಿ ಕೂತು ಚೀಟಿ ಬರೆದು ಎಸೆಯುತ್ತಿದ್ದೆವು. ಔಷಧಿ, ಗ್ಯಾಸು, ನೀರು ಬಂತಾ ಬಿಡ್ತಾ, ಇವೆಲ್ಲ ಫೋನಿನಲ್ಲಿ ಆಗುತ್ತದೆ. ಇದು ಜಗಳ, ಹಾಗಾಗಿ ಬರೆಯುತ್ತಿದ್ದೇನೆ.

ಈ ವರ್ಷ ನಮ್ಮ ಶಾಲೆಗೆ ಬಂದಿರುವ ಇಂಗ್ಲಿಷ್ ವ್ಯಾಕರಣದ ಪುಸ್ತಕ ನೀನು ಬರೆದದ್ದು. ಏಳನೇ ತರಗತಿಗೆ ಅದನ್ನು ಪಾಠ ಮಾಡುವವಳು ನಾನು. ಕಟ್ಟು ಬಿಚ್ಚಿದ ದಿನ ಟೀಚರ್ಸ್ ರೂಮಿನಲ್ಲಿ ಎಲ್ಲರಿಗೂ ರಟ್ಟಿನ ಮೇಲಿದ್ದ ನಿನ್ನ ಹೆಸರು ತೋರಿಸಿ ಬೀಗಿದ್ದೆ. ಇವತ್ತು 'ಸ್ಟಿಲ್' ಮತ್ತು 'ಯೆಟ್' ಪಾಠ. ಎರಡಕ್ಕೂ ನಾವು 'ಇನ್ನೂ' ಎಂದೇ ಹೇಳುವುದರಿಂದ ಮಕ್ಕಳು ಪ್ರತಿ ವರ್ಷ ಇಲ್ಲಿ ಎಡವುತ್ತಾರೆ. ಅಕ್ಕನ ಪುಸ್ತಕ ತಾನೇ ಎಂಬ ಧೈರ್ಯದಲ್ಲಿ ನಾನು ಪುಟವನ್ನು ಮೊದಲೇ ನೋಡಿರಲಿಲ್ಲ. ಉದಾಹರಣೆಗಳನ್ನು ಎಲ್ಲರೂ ಒಟ್ಟಿಗೆ ಜೋರಾಗಿ ಓದಿ, ಅರ್ಥವನ್ನೂ ಹೇಳಿ ಅಂದೆ.

ಇಡೀ ತರಗತಿ ರಾಗ ಎಳೆದು ಓದಿತು. ನನ್ನ ತಾಯಿ ಇನ್ನೂ ಹಾಸಿಗೆಯಲ್ಲಿದ್ದಾಳೆ, ಇದು ಸ್ಟಿಲ್. ಅವಳು ಇನ್ನೂ ಮಾತಾಡಿಲ್ಲ, ಇದು ಯೆಟ್. ನನ್ನ ತಂಗಿ ಇನ್ನೂ ತಾಯಿಯ ಜೊತೆಗೇ ಇದ್ದಾಳೆ, ಸ್ಟಿಲ್. ಅವಳಿಗೆ ಇನ್ನೂ ಮದುವೆಯಾಗಿಲ್ಲ, ಯೆಟ್.

ಅಮ್ಮನಿಗೆ ಲಕ್ವ ಹೊಡೆದು ಬಲಗೈ ಮತ್ತು ಮಾತು ಎರಡೂ ಹೋದದ್ದು ಈ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ನಮ್ಮ ಬೀದಿಯ ಕೊನೆಯ ಹೊಲಿಗೆ ಅಂಗಡಿಯವರ ಮಗಳು ಮೊದಲ ಬೆಂಚಿನಲ್ಲಿ ಕೂರುತ್ತಾಳೆ. ಮೂರನೇ ವಾಕ್ಯಕ್ಕೆ ಅವಳ ಬಾಯಿ ಮುಚ್ಚಿತು, ಪಕ್ಕದವಳ ತೊಡೆ ಚಿವುಟಿದಳು. ಸುದ್ದಿ ಬೆಂಚಿನಿಂದ ಬೆಂಚಿಗೆ ದಾಟುವುದನ್ನು ನಾನು ನಿಂತು ನೋಡಿದೆ. ಕೊನೆಯ ಬೆಂಚಿನವರು ಮಾತ್ರ ಏನೂ ತಿಳಿಯದೆ ನನ್ನ ಮದುವೆಯ ವಾಕ್ಯವನ್ನು ಇನ್ನೊಂದು ಸಲ ಕೂಗಿದರು. ಮಧ್ಯಾಹ್ನ ಹೆಡ್‌ಮೇಡಂ ಕರೆದು, ನಗು ತಡೆದುಕೊಂಡು, ಅಕ್ಕ ತಂಗಿ ಚೆನ್ನಾಗಿದ್ದೀರಿ ತಾನೇ ಎಂದು ವಿಚಾರಿಸಿದರು.

ಮುಂದಿನ ಮುದ್ರಣದಲ್ಲಿ ಆ ಪುಟ ಹಾಗೆ ಇರಬಾರದು. ಇದನ್ನು ಕೋರಿಕೆ ಎಂದುಕೊಳ್ಳಬೇಡ.

ನಿನ್ನ ನಾಲ್ಕನೇ ಉದಾಹರಣೆ

*

ಜೂನ್ 29

ಪ್ರೀತಿಯ ಸಾಸಿವೆ,

ಅಮ್ಮ ನಿನಗೆ ಸುಮ್ಮನೆ ಆ ಹೆಸರು ಇಟ್ಟಿರಲಿಲ್ಲ. ಎಣ್ಣೆ ಕಾಯುವ ಮೊದಲೇ ಸಿಡಿಯುತ್ತೀ.

ಸ್ವಲ್ಪ ತಾಳ್ಮೆಯಿಂದ ಓದು. ಉದಾಹರಣೆಗಳು ಆಕಾಶದಿಂದ ಉದುರುವುದಿಲ್ಲ. ನಾವು ಓದಿದ ಪುಸ್ತಕಗಳಲ್ಲಿ 'ರಾಜನು ಇನ್ನೂ ಕೋಪದಲ್ಲಿದ್ದಾನೆ' ಎಂದಿರುತ್ತಿತ್ತು. ಯಾವ ಮಗು ರಾಜನನ್ನು ನೋಡಿದೆ? ಮನೆಯ ಮಾತು ಬರೆಯಿರಿ ಎಂದು ಸಂಪಾದಕರು ದಿನವೂ ನನ್ನ ಮೇಜಿನ ಬಳಿ ಬಂದು ಪೀಡಿಸುತ್ತಿದ್ದರು. ನನಗೆ ಗೊತ್ತಿರುವ ಮನೆ ಒಂದೇ, ಅದನ್ನೇ ಬರೆದೆ. ಪುಸ್ತಕದಲ್ಲಿ ಯಾರ ಹೆಸರೂ ಇಲ್ಲ. ಹಾಸಿಗೆ ಹಿಡಿದ ತಾಯಂದಿರು, ಮದುವೆಯಾಗದ ತಂಗಿಯರು ಲೋಕದಲ್ಲಿ ಎಷ್ಟು ಜನ ಇಲ್ಲ? ಕುಂಬಳಕಾಯಿ ಕಳ್ಳ ಅಂದರೆ ನೀನೇಕೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತೀ?

ಇಷ್ಟು ವರ್ಷ ಪಾಠ ಮಾಡಿದ ನಿನಗೆ ನಾನು ಇದನ್ನು ಹೇಳಬೇಕಾಗಿ ಬಂದದ್ದು ಬೇಸರದ ಸಂಗತಿ. ಸ್ಟಿಲ್ ಅಂದರೆ ಮೊದಲು ಇದ್ದದ್ದು ಈಗಲೂ ನಿಲ್ಲದೆ ನಡೆದಿದೆ ಎಂದು. ಯೆಟ್ ಅಂದರೆ ಆಗಬೇಕಾದದ್ದು ಆಗಿಲ್ಲ, ಆದರೆ ಆಗುತ್ತದೆ ಎಂದು ಕಾಯುತ್ತಿದ್ದೇವೆ ಎಂದು. ಆಸೆ ಬಿಟ್ಟ ಮೇಲೆ ಯಾರೂ ಯೆಟ್ ಅನ್ನುವುದಿಲ್ಲ. ಅಮ್ಮನ ಮಾತಿನ ಬಗ್ಗೆ ನಾನು ಬರೆದದ್ದು ಯೆಟ್. ಅದು ನಿನ್ನ ಕಣ್ಣಿಗೆ ಬೀಳಲಿಲ್ಲ, ನಿನ್ನ ಮದುವೆಯದು ಮಾತ್ರ ಬಿತ್ತು.

ಸಿಟ್ಟಿನಲ್ಲಿ ಕುಯ್ದ ಮೂಗು ಶಾಂತಿಯಲ್ಲಿ ಬರುವುದಿಲ್ಲ ಎಂದು ಅಮ್ಮ ನಿನಗೇ ಹೇಳುತ್ತಿದ್ದದ್ದು, ನನಗಲ್ಲ. ಅಮ್ಮ ಹೇಗಿದ್ದಾಳೆ? ಎಂಟನೇ ತರಗತಿಯ ಪುಸ್ತಕದ ಕೆಲಸ ಮುಗಿದ ಕೂಡಲೇ ಬರುತ್ತೇನೆ.

ಅಕ್ಕ

*

ಜುಲೈ 6

ಅಕ್ಕ,

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಯೆಟ್ ಅಂದರೆ ಕಾಯುತ್ತಿದ್ದೇವೆ ಎಂದು ನನಗೆ ಪಾಠ ಮಾಡಿದ್ದೀ. ಆ 'ದ್ದೇವೆ'ಯಲ್ಲಿ ಯಾರು ಯಾರು ಇದ್ದಾರೆ, ಸ್ವಲ್ಪ ಹೇಳುತ್ತೀಯಾ?

ಬೆಳಿಗ್ಗೆ ಎದ್ದು ಅಮ್ಮನ ಮೈ ಒರೆಸಿ, ಬಟ್ಟೆ ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ತಿರುಗಿಸುತ್ತೇನೆ. ಆಮೇಲೆ ಅವಳನ್ನು ದಿಂಬಿಗೆ ಒರಗಿಸಿ, ಕೈಗನ್ನಡಿ ಹಿಡಿದು ಎದುರಿಗೆ ಕೂರುತ್ತೇನೆ. ಮಾತು ಕಲಿಸುವ ಮೇಡಂ ಹೇಳಿಕೊಟ್ಟಿರುವ ಅಭ್ಯಾಸ ಅದು. ತುಟಿ ಮುಚ್ಚಿ ಪ, ತುಟಿ ಮುಚ್ಚಿ ಬ, ತುಟಿ ಮುಚ್ಚಿ ಮ. ಅಮ್ಮನ ತುಟಿ ಒಂದು ಕಡೆ ಮಾತ್ರ ಮುಚ್ಚುತ್ತದೆ, ಇನ್ನೊಂದು ಕಡೆಯಿಂದ ಗಾಳಿ ಸೋರಿಹೋಗುತ್ತದೆ. ಅವಳಿಗೆ ರೇಗುತ್ತದೆ. ಎಡಗೈಯಲ್ಲಿ ಕನ್ನಡಿಯನ್ನು ತಳ್ಳುತ್ತಾಳೆ, ಒಂದು ದಿನ ನನ್ನ ಕೆನ್ನೆಗೆ ಹೊಡೆದಳು. ನನಗೆ ಬೇಜಾರಾಗಲಿಲ್ಲ. ಸಿಟ್ಟಾದರೂ ಮೊದಲಿನ ಹಾಗೇ ಉಳಿದಿದೆಯಲ್ಲ ಎನ್ನಿಸಿತು. ಹೊಡೆಸಿಕೊಂಡು, ಸೀರೆಗೆ ಪಿನ್ನು ಹಾಕಿಕೊಂಡು, ಶಾಲೆಗೆ ಓಡಿದೆ. ಅಲ್ಲಿ ನಿನ್ನ ಪುಸ್ತಕ ನನಗಾಗಿ ಕಾದಿತ್ತು.

ನೀನು ಬಂದದ್ದು ಒಂದೇ ಸಲ, ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದ ವಾರ. ಬಾಗಿಲಲ್ಲಿ ನಿಂತೆ. ಅಮ್ಮ ನಿನ್ನನ್ನು ಕಂಡು ಬಾಯಿ ತೆರೆದಳು. ಬಂದದ್ದು ಮಾತಲ್ಲ, ಒಂದು ಸದ್ದು. ನೀನು ನೀರು ಕುಡಿದು ಬರುತ್ತೇನೆ ಎಂದು ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿದೆ. ಬಹಳ ಹೊತ್ತು ನೀರು ಸುರಿಯುತ್ತಲೇ ಇತ್ತು, ಅಮ್ಮ ಆ ಸದ್ದು ಮಾಡುತ್ತಲೇ ಇದ್ದಳು. ನಾನು ಬಂದು ನೋಡಿದರೆ ನಿನ್ನ ಕೈಯಲ್ಲಿ ಲೋಟವೇ ಇರಲಿಲ್ಲ. ಸಂಜೆಯ ರಾಜಧಾನಿ ಬಸ್ಸಿಗೇ ಹೊರಟೆ, ಕೆಲಸ ಇದೆ ಅಂದೆ. ಆಮೇಲೆ ನೀನು ಅಮ್ಮನನ್ನು ಕಂಡದ್ದೆಲ್ಲ ನನ್ನ ಫೋನಿನ ಮಾತಿನಲ್ಲಿ. ನಾನು ಹೇಳಿದ್ದನ್ನು ಕೇಳಿ, ಅಚ್ಚು ಹಾಕಿ, ಮಕ್ಕಳ ಬಾಯಿಗೆ ಕೊಟ್ಟೆ. ದೂರದ ಬೆಟ್ಟ ನುಣ್ಣಗೆ ಎಂದು ಗೊತ್ತಿತ್ತು, ಅದರಿಂದ ಪುಸ್ತಕವನ್ನೂ ಮಾಡಬಹುದು ಎಂದು ಗೊತ್ತಿರಲಿಲ್ಲ.

ಇನ್ನು ಮುಂದೆ ನನ್ನಿಂದ ನಿನಗೆ ಉದಾಹರಣೆ ಸಿಗುವುದಿಲ್ಲ. ಅಮ್ಮ ತಿಂದಳಾ, ಮಲಗಿದಳಾ, ಕೈ ಎತ್ತಿದಳಾ, ಯಾವುದನ್ನೂ ಹೇಳುವುದಿಲ್ಲ. ತಿಳಿಯಬೇಕಿದ್ದರೆ ಬಂದು ನೋಡು.

ಇನ್ನೂ ಇಲ್ಲೇ ಇರುವವಳು

*

ಆಗಸ್ಟ್ 21

ಸಾಸಿವೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತು ಎದ್ದಿದ್ದೇನೆ.

ಪ್ರಕಾಶಕರ ಹತ್ತಿರ ಮಾತಾಡಿದೆ. ಎರಡನೇ ಮುದ್ರಣದಲ್ಲಿ ಆ ವಾಕ್ಯಗಳನ್ನು ಬದಲಿಸುತ್ತಾರೆ. ನಿನಗೆ ಬೇಕಾದದ್ದು ಅದೇ ತಾನೇ? ಉಳಿದ ವಿಷಯ ಎದುರಿಗೆ ಮಾತಾಡೋಣ.

ಫೋನ್ ಎತ್ತು. ಅಮ್ಮ ಹೇಗಿದ್ದಾಳೆ ಎಂಬ ಒಂದು ಮಾತು ಹೇಳಿ ಇಟ್ಟುಬಿಡು, ಸಾಕು.

ಅಕ್ಕ

*

ಆಗಸ್ಟ್ 30

(ಕಾರ್ಡು)

ಅಕ್ಕನವರಿಗೆ,

ಇಲ್ಲಿ ಎರಡು ದಿನದಿಂದ ಮೋಡ. ಶಾಲೆಯ ಗೇಟಿಗೆ ಹಸಿರು ಬಣ್ಣ ಬಳಿದಿದ್ದಾರೆ, ಒಣಗಿಲ್ಲ, ಮಕ್ಕಳ ಅಂಗೈಯೆಲ್ಲ ಹಸಿರು. ನಿಮ್ಮ ಪುಸ್ತಕದ ಆ ಪುಟದ ಮೇಲೆ ಬಿಳಿ ಹಾಳೆ ಅಂಟಿಸಿ, ಮಕ್ಕಳಿಂದಲೇ ಹೊಸ ವಾಕ್ಯ ಬರೆಸಿದ್ದೇನೆ. 'ನಮ್ಮಪ್ಪ ಇನ್ನೂ ಗೊರಕೆ ಹೊಡೆಯುತ್ತಿದ್ದಾರೆ. ನನ್ನ ಅಲುಗಾಡುವ ಹಲ್ಲು ಇನ್ನೂ ಬಿದ್ದಿಲ್ಲ.' ನಿಮ್ಮದಕ್ಕಿಂತ ಬೇಗ ಅರ್ಥವಾಯಿತು. ಬೇರೆ ವಿಶೇಷವೇನಿಲ್ಲ.

ಏಳನೇ ತರಗತಿಯ ಇಂಗ್ಲಿಷ್ ಟೀಚರ್

*

ಸೆಪ್ಟೆಂಬರ್ 17

ತಂಗಿ,

ಅಮ್ಮ ಬದುಕಿದ್ದಾಳಾ ಎಂದು ತಿಳಿಯಲು ನಾನು ಹೊಲಿಗೆ ಅಂಗಡಿಗೆ ಫೋನ್ ಮಾಡಬೇಕಾಯಿತು. ಅಂಗಡಿಯಾಕೆ ಹೊಲಿಗೆ ಮಿಷನ್ನು ನಿಲ್ಲಿಸಿ, ನಿಮ್ಮ ಮನೆಯ ಹಗ್ಗದ ಮೇಲೆ ನಿಮ್ಮಮ್ಮನ ಬಟ್ಟೆ ಒಣಗ್ತಾ ಇದೆ, ಇದ್ದಾರೆ ಬಿಡಿ ಅಂದಳು. ಹೆತ್ತ ತಾಯಿಯ ಸುದ್ದಿಯನ್ನು ಬಟ್ಟೆ ಒಣಗುವುದರಿಂದ ತಿಳಿಯುವ ಗತಿ ತಂದಿಟ್ಟಿದ್ದೀ. ಕೈ ಮುಗಿಯಬೇಕು ನಿನಗೆ.

ಅಮ್ಮ ನಿನ್ನೊಬ್ಬಳ ಸ್ವತ್ತಲ್ಲ. ಸೇವೆ ಮಾಡಿದವಳಿಗೆ ಸುದ್ದಿಗೆ ಬೀಗ ಹಾಕುವ ಹಕ್ಕು ಬರುತ್ತದೆ ಎಂದು ಯಾವ ಪುಸ್ತಕದಲ್ಲಿ ಬರೆದಿದೆ? ನಾನು ಅಚ್ಚು ಹಾಕಿಸಿದ್ದು ತಪ್ಪು ಎಂದರೆ, ನೀನು ಮಾಡುತ್ತಿರುವುದು ಏನು? ನಾನು ವಾಕ್ಯ ಮಾಡಿದೆ, ನೀನು ದೊಣ್ಣೆ ಮಾಡಿಕೊಂಡಿದ್ದೀ. ಹೊಡೆಯುವುದು ಇಬ್ಬರೂ ಅಮ್ಮನನ್ನು ಹಿಡಿದುಕೊಂಡೇ.

ನಲ್ಲಿಯ ವಿಷಯ ಎತ್ತಿದೆಯಲ್ಲ, ಕೇಳಿಸಿಕೋ. ಆ ಬಾಯಿಂದ ಆ ಸದ್ದು ನನಗೆ ಕೇಳಲಾಗಲಿಲ್ಲ. ನಿನಗೆ ಆಗುತ್ತದೆ, ನಿನ್ನ ಗುಂಡಿಗೆ ಗಟ್ಟಿ. ನೀನು ಹುಟ್ಟುವ ಮೊದಲು ನನ್ನನ್ನು ಬಿಡಲು ಮನೆಯಲ್ಲಿ ಯಾರೂ ಇರಲಿಲ್ಲ. ನಿಲ್ದಾಣದ ಆ ಗಾಜಿನ ಕೋಣೆಯಲ್ಲಿ ಅಮ್ಮ ತನ್ನ ಮೇಜಿನ ಕೆಳಗೆ ಚಾಪೆ ಹಾಸಿ ಮಲಗಿಸುತ್ತಿದ್ದಳು. ನಾನು ಮಾತು ಕಲಿತದ್ದು ಅವಳು ಮೈಕಿಗೆ ಹೇಳುತ್ತಿದ್ದ ಆ ಮಾತುಗಳಿಂದ. ಬಸ್ಸು ಕೆಟ್ಟು ದಾರಿಯಲ್ಲಿ ನಿಂತಿದೆ, ರದ್ದಾಗಿದೆ ಎಂದು ಕೂಗಿಬಿಡಮ್ಮ ಎಂದು ಕಂಟ್ರೋಲರ್ ಬಂದು ಹೇಳಿದರೆ ಅಮ್ಮ ಮೈಕನ್ನು ಅವರ ಕಡೆಗೆ ತಳ್ಳುತ್ತಿದ್ದಳು. "ಅದನ್ನ ನೀವೇ ಹೇಳಿ ಸಾರ್. ನನ್ನ ಬಾಯಲ್ಲಿ ಬರೋದಿಲ್ಲ ಅನ್ನೋ ಮಾತು ಬರಲ್ಲ" ಅನ್ನುತ್ತಿದ್ದಳು. ಬಯ್ಗುಳ ತಿಂದಳು, ಒಂದು ಸಲ ನೋಟಿಸೂ ತಗೊಂಡಳು. ಆದರೂ ಕಾಯುವ ಜನರಿಗೆ ಅವಳು ಹೇಳಿದ್ದು 'ಇನ್ನೂ ಬಂದಿಲ್ಲ' ಎಂದೇ. ಯೆಟ್ ಎಂಬ ಪದ ನಾನು ಇಂಗ್ಲಿಷ್ ಪುಸ್ತಕದಿಂದ ಕಲಿತದ್ದಲ್ಲ.

ಈಗ ಹೇಳು, ಅಮ್ಮ ಹೇಗಿದ್ದಾಳೆ?

ಅಕ್ಕ

*

ನವೆಂಬರ್ 20

ಸಾಸಿವೆ,

ಎರಡನೇ ಮುದ್ರಣದ ಪ್ರತಿ ಕಳಿಸಿದ್ದೇನೆ. ಕಾಗದದ ಗುರುತು ಇಟ್ಟಿರುವ ಪುಟ ನೋಡು. ನಾಲ್ಕೂ ವಾಕ್ಯ ತೆಗೆದು ಹೊಸದು ಹಾಕಿದೆ. 'ಬಸ್ಸು ಇನ್ನೂ ಬಂದಿಲ್ಲ. ಜನರು ಇನ್ನೂ ನಿಲ್ದಾಣದಲ್ಲಿ ಕಾಯುತ್ತಿದ್ದಾರೆ.' ಇಷ್ಟೇ. ಇದರಲ್ಲಿ ನೀನಿಲ್ಲ, ಅಮ್ಮನೂ ಇಲ್ಲ, ಯಾರ ಮನೆಯೂ ಇಲ್ಲ. ಇನ್ನು ಯಾರೂ ಯಾರ ತೊಡೆಯನ್ನೂ ಚಿವುಟಲಾರರು.

ನಾನು ಬರಬೇಕು ಎಂದು ಎರಡು ಸಲ ಚೀಲ ತುಂಬಿದೆ. ಬರೆಯುವುದಕ್ಕೆ ಇನ್ನೇನೂ ತೋಚುತ್ತಿಲ್ಲ.

ಅಕ್ಕ

*

ಡಿಸೆಂಬರ್ 12

ಅಕ್ಕ,

ಅಮ್ಮನ ಸುದ್ದಿ ಬರೆಯುವುದಿಲ್ಲ ಎಂದಿದ್ದೆ. ಆ ಮಾತು ಮುರಿಯುತ್ತಿದ್ದೇನೆ, ಮುರಿಯುವ ಹಾಗೆ ಮಾಡಿದ್ದಕ್ಕೆ ನಿನ್ನ ಮೇಲೆ ಇನ್ನಷ್ಟು ಸಿಟ್ಟಿದೆ.

ಬಸ್ಸು, ನಿಲ್ದಾಣ, ಕಾಯುವ ಜನ ಎಂದು ಬರೆದು, ಇದರಲ್ಲಿ ಅಮ್ಮ ಇಲ್ಲ ಎನ್ನುತ್ತೀಯಲ್ಲ, ನಿನ್ನ ಓದು ಬರಹಕ್ಕೆ ಏನು ಹೇಳಲಿ? ಇದರಲ್ಲಿ ಅಮ್ಮನನ್ನು ಬಿಟ್ಟು ಇನ್ಯಾರಿದ್ದಾರೆ?

ಪರೀಕ್ಷೆ ಹತ್ತಿರ ಬಂತೆಂದು ಸಂಜೆ ಕೆಲವು ಮಕ್ಕಳು ಮನೆಗೆ ಬರುತ್ತಾರೆ. ಹೊರಗಿನ ಕೋಣೆಯಲ್ಲಿ ಓದಿಸುತ್ತೇನೆ, ಅಮ್ಮನ ಮೇಲೂ ಕಣ್ಣಿರಲಿ ಎಂದು ನಡುವಿನ ಬಾಗಿಲು ತೆಗೆದೇ ಇಟ್ಟಿರುತ್ತೇನೆ. ಹೋದ ವಾರ ಸೋಮವಾರ ನಿನ್ನ ಹೊಸ ಪುಟ ಓದಿಸಿದೆ. ಇಂಗ್ಲಿಷಿನಲ್ಲಿ ಓದಿ ಅರ್ಥ ಹೇಳಬೇಕು, ನನ್ನ ಪದ್ಧತಿ ನಿನಗೆ ಗೊತ್ತಲ್ಲ. ಬಸ್ಸು ಇನ್ನೂ ಬಂದಿಲ್ಲ ಎಂದು ಮಕ್ಕಳು ಒಟ್ಟಾಗಿ ಹೇಳಿದರು. ಒಳಗಿನಿಂದ ಇನ್ನೊಂದು ದನಿ ಸೇರಿತು. "ಪ್ರಯಾಣಿಕರ ಗಮನಕ್ಕೆ" ಎಂದಿತು.

ಆ ಹೊಲಿಗೆ ಅಂಗಡಿಯವರ ಮಗಳೇ ಮೊದಲು ಎದ್ದು ಒಳಗೆ ಓಡಿದ್ದು. ಅಮ್ಮ ದಿಂಬಿಗೆ ಒರಗಿ, ಎಡಗೈಯನ್ನು ಬಾಯಿಯ ಮುಂದೆ ಬಟ್ಟಲ ಹಾಗೆ ಹಿಡಿದಿದ್ದಳು, ಮೈಕು ಹಿಡಿಯುತ್ತಿದ್ದ ಹಾಗೇ. ಮಾತು ಮುದ್ದೆಮುದ್ದೆ, ಗಲ್ಲದಿಂದ ಜೊಲ್ಲು ಇಳಿಯುತ್ತಿತ್ತು. ಆದರೆ ರಾಗ ಅದೇ, ಕೊನೆಯ ಅಕ್ಷರವನ್ನು ಸ್ವಲ್ಪ ಎತ್ತಿ ಬಿಡುತ್ತಿದ್ದಳಲ್ಲ, ಅದೂ ಇತ್ತು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಅಡುಗೆಮನೆಗೆ ಹೋಗಿ ಅತ್ತೆ. ನಲ್ಲಿ ತಿರುಗಿಸಲಿಲ್ಲ.

ಡಾಕ್ಟರಿಗೆ ಹೇಳಿದೆ. ವರ್ಷಗಟ್ಟಲೆ ಹೇಳಿ ಬಾಯಿಪಾಠವಾದ ಮಾತು ಹೀಗೆ ತಾನಾಗಿ ಬರುವುದುಂಟು, ಅದಕ್ಕೆ ಅರ್ಥ ಇರಲೇಬೇಕೆಂದಿಲ್ಲ, ತುಂಬ ಆಸೆ ಇಟ್ಟುಕೊಳ್ಳಬೇಡಿ ಎಂದರು. ಇರಬಹುದು. ನೀರು ಬೇಕಾದರೆ ಈಗಲೂ ಲೋಟವನ್ನೇ ತೋರಿಸುತ್ತಾಳೆ. ನನ್ನ ಹೆಸರು ಆ ಬಾಯಿಂದ ಬಂದಿಲ್ಲ. ಕನ್ನಡಿ ಹಿಡಿದು ಪ ಬ ಮ ಹೇಳಿಸಿದವಳು ನಾನು, ಮಲಮೂತ್ರ ತೆಗೆದವಳು ನಾನು, ಅಮ್ಮ ಬಾಯಿ ತೆರೆದದ್ದು ನೀನು ಕೂತಲ್ಲೇ ಬರೆದ ಒಂದು ವಾಕ್ಯಕ್ಕೆ. ಇದನ್ನು ನಿನಗೆ ಹೇಳಬಾರದು ಎಂದು ಹಲ್ಲು ಕಚ್ಚಿಕೊಂಡಿದ್ದೆ. ಹೊಟ್ಟೆ ಉರಿಯುತ್ತದೆ ಅಕ್ಕ, ಸುಳ್ಳು ಹೇಳುವುದಿಲ್ಲ.

ಈಗ ದಿನವೂ ಸಂಜೆ ದೀಪ ಹಾಕುವ ಹೊತ್ತಿಗೆ ಅವಳ ಕೆಲಸ ಶುರುವಾಗುತ್ತದೆ. ಬಂದರಿನ ಬಸ್ಸು ಒಂದನೇ ಅಂಕಣಕ್ಕೆ ಬರುತ್ತದೆ. ಗಣಿ ಕಡೆಯ ಬಸ್ಸು ಹೊರಡುತ್ತದೆ, ಕಿಟಕಿಯಿಂದ ಕೈ ಹೊರಗೆ ಹಾಕಬಾರದು ಎಂಬುದೂ ಆಗುತ್ತದೆ. ಎಲ್ಲ ಬಂದು ಎಲ್ಲ ಹೋದ ಮೇಲೆ ಒಂದು ಉಳಿಯುತ್ತದೆ. "ರಾಜಧಾನಿಯಿಂದ ಬರಬೇಕಾದ ಬಸ್ಸು ಇನ್ನೂ ಬಂದಿಲ್ಲ. ಪ್ರಯಾಣಿಕರು ದಯವಿಟ್ಟು ಕಾಯಬೇಕು." ಆಮೇಲೆ ಕೈ ಇಳಿಸಿ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ. ಊಟ ತಂದರೆ ನನ್ನನ್ನು ಅತ್ತ ಸರಿಸುತ್ತಾಳೆ, ಬಾಗಿಲಿಗೆ ಅಡ್ಡ ನಿಂತಿದ್ದೇನೆ ಎಂದು. ಇದಕ್ಕೆ ಅರ್ಥ ಇಲ್ಲ ಎಂದು ಡಾಕ್ಟರು ಬೇಕಾದರೆ ಹೇಳಲಿ. ಆ ಊರಿನಲ್ಲಿ ನಮಗೆ ಬೇಕಾದವರು ಯಾರಿದ್ದಾರೆ ಎಂದು ಅವರಿಗೆ ಗೊತ್ತಿಲ್ಲ.

ನಿನ್ನೆ ನನಗೆ ತಡೆಯಲಾಗಲಿಲ್ಲ. ತಟ್ಟೆಯನ್ನು ಸದ್ದಾಗುವಂತೆ ಕೆಳಗಿಟ್ಟು, "ಅದು ಬರೋದಿಲ್ಲಮ್ಮ. ರದ್ದಾಗಿದೆ. ಊಟ ಮಾಡು" ಅಂದೆ.

ಅಮ್ಮ ನನ್ನನ್ನು ನೋಡಿದಳು. ಆ ಕಂಟ್ರೋಲರನ್ನು ಹಾಗೇ ನೋಡುತ್ತಿದ್ದಿರಬೇಕು. ಎಡಗೈ ಎತ್ತಿ, ಬಾಯಿಗೆ ಅಡ್ಡ ಹಿಡಿದು, ನನಗೊಬ್ಬಳಿಗೇ ಅಲ್ಲ, ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದಳು. "ಇನ್ನೂ ಬಂದಿಲ್ಲ."

ನಿನ್ನ ಪುಸ್ತಕವನ್ನು ಏಳನೇ ತರಗತಿಗೆ ಪಾಠ ಮಾಡುವುದು ನನ್ನ ಕೆಲಸ, ಅದನ್ನು ಮಾಡುತ್ತೇನೆ. ನೀನು ಬರುವುದಿಲ್ಲ ಎಂದು ಅಮ್ಮನಿಗೆ ತಿಳಿಸುವುದು ನನ್ನ ಕೆಲಸವಲ್ಲ, ಒಂದು ಸಲ ಹೇಳಿ ಸೋತಿದ್ದೇನೆ. ಬರುವುದೇ ಇಲ್ಲ ಎನ್ನುವುದಾದರೆ, ನೀನೇ ಬಂದು, ಅವಳ ಎದುರಿಗೆ ನಿಂತು, ಆ ಮಾತನ್ನು ಹೇಳಿ ಹೋಗು.

ಸಾಸಿವೆ